ಫೈರ್‌ವಾಲ್‌ನ ಲಗಾಮು ಯಾರ ಕೈಲಿ?

ಮಳೆಗಾಲದಲ್ಲಿ ಭಟ್ಕಳದಿಂದ ಕುಮಟಾವರೆಗಿನ ಕರಾವಳಿಯಲ್ಲಿ ಕರೆಂಟು ಹೋಗೋದು ಸುದ್ದಿಯೇ ಅಲ್ಲ. ಗಾಳಿಗೆ ಒಂದು ತೆಂಗಿನ ಮಡಲೋ, ಅಕೇಶಿಯಾ ಕೊಂಬೆಯೋ ತಂತಿ ಮೇಲೆ ಬಿತ್ತು ಅಂದ್ರೆ ಮುಗೀತು. ಹೊನ್ನಾವರ ತಾಲೂಕಿನ ಗೇರುಸೊಪ್ಪದಲ್ಲಿ ಶರಾವತಿ ನೀರಿನಿಂದ 240 ಮೆಗಾವ್ಯಾಟ್ ಉತ್ಪಾದಿಸಬಲ್ಲ ಕೇಂದ್ರ ಇದೆ, ಅದೇ ತಾಲೂಕಿನ ಮನೆಗಳಲ್ಲಿ ಜುಲೈ ರಾತ್ರಿ ಚಾರ್ಜರ್ ಲೈಟಿನ ಬೆಳಕಲ್ಲಿ ಊಟ. ಇದು ಹಳೇ ಕಥೆ.

ಹೊಸದು ಏನಂದ್ರೆ, ಈಗ ಕರೆಂಟು ಹೋದರೂ ನೆಟ್ ಇರಬಹುದು. ಮನೆಗೆ ಬರೋ ಫೈಬರ್ ದಾರಿಯಲ್ಲಿ ಸಾಮಾನ್ಯವಾಗಿ ಕರೆಂಟು ಬೇಕಾದ ಉಪಕರಣ ಯಾವುದೂ ಇರಲ್ಲ. ಬೆಳಕನ್ನು ಹಂಚೋ ಸ್ಪ್ಲಿಟರ್ ಬರೀ ಗಾಜು. ಆ ಕಡೆ ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ ಇದ್ದು, ಈ ಕಡೆ ನಮ್ಮ ಮನೆ ಅಥವಾ ಅಂಗಡಿಯಲ್ಲಿ ಬ್ಯಾಟರಿ ಇದ್ದರೆ ನೆಟ್ ಓಡ್ತಾನೇ ಇರತ್ತೆ. ಅಂದ್ರೆ ಎಷ್ಟು ಹೊತ್ತು ಓಡತ್ತೆ ಅನ್ನೋದು ನಮ್ಮ ಯುಪಿಎಸ್ ಮೇಲೆ, ಅದಕ್ಕಿಂತ ಹೆಚ್ಚಾಗಿ ಆ ಯುಪಿಎಸ್‌ಗೆ ಏನೇನು ಜೋತುಬಿದ್ದಿದೆ ಅನ್ನೋದರ ಮೇಲೆ ನಿಂತಿದೆ.

ಹಾಗೆ ಜೋತುಬೀಳೋ ವಸ್ತುಗಳಲ್ಲಿ ಈಚೆಗೆ ಒಂದು ಸೇರಿಕೊಂಡಿದೆ. ಟಿಫಿನ್ ಡಬ್ಬಿ ಗಾತ್ರದ, ಫ್ಯಾನ್ ಇಲ್ಲದ, ನಾಲ್ಕು ಲ್ಯಾನ್ ಪೋರ್ಟ್ ಇರೋ ಮಿನಿ ಪಿಸಿ. ಅದರಲ್ಲಿ ಪಿಎಫ್‌ಸೆನ್ಸ್ ಅಥವಾ ಒಪಿಎನ್‌ಸೆನ್ಸ್ ಹಾಕಿ ಫೈರ್‌ವಾಲ್ ರೂಟರ್ ಮಾಡ್ಕೊಳ್ತಾರೆ. ನನ್ನ ಪರಿಚಯದಲ್ಲೇ ಇಂಥ ಮೂರು ಪೆಟ್ಟಿಗೆಗಳಿವೆ. ಭಟ್ಕಳದಲ್ಲಿ ರೂಮ್‌ಮೇಟ್ ಮನೆಯಲ್ಲಿ ಒಂದು, ಹೊನ್ನಾವರದಲ್ಲಿ ಮಾವನ ಝೆರಾಕ್ಸ್ ಅಂಗಡಿಯಲ್ಲಿ ಒಂದು, ಕುಮಟಾದಲ್ಲಿ ದೊಡ್ಡಪ್ಪನ ಮಗ ನಡೆಸೋ ಫೋಟೋ ಸ್ಟುಡಿಯೋದಲ್ಲಿ ಒಂದು. ಮೂರರಲ್ಲೂ ದೂರು ಹೆಚ್ಚು ಕಮ್ಮಿ ಒಂದೇ: "ಒಂದೋ ಬಿಸಿಯಾಗತ್ತೆ, ಇಲ್ಲಾ ಸ್ಲೋ ಆಗತ್ತೆ, ಬ್ಯಾಟರಿ ಬೇಗ ಖಾಲಿ." ಕಾರಣ ಮಾತ್ರ ಮೂರು ಕಡೆಯೂ ಬೇರೆ ಬೇರೆ. ಅದಕ್ಕೇ ಈ ಲೇಖನ.

ಒಂದು ಸೂಚನೆ. ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅದೇ ಉಚ್ಚಾರದ ಇಂಗ್ಲಿಷ್ ಅಕ್ಷರ ಹಾಕ್ಕೊಳ್ಳಿ, ನಮ್ಮ ಬ್ರಾಂಚಿನವರಿಗೆ ಕಷ್ಟ ಆಗಲ್ಲ.

ಮೊದಲು ಎರಡನೇ ಸೆಮಿಸ್ಟರಿನ ಫಾರ್ಮುಲಾ. ಪ್ರೊಸೆಸರ್ ಕೆಲಸ ಮಾಡುವಾಗ ತಿನ್ನೋ ಪವರ್, ಕೆಪ್ಯಾಸಿಟೆನ್ಸ್ ಗುಣಿಸು ವೋಲ್ಟೇಜಿನ ವರ್ಗ ಗುಣಿಸು ಫ್ರೀಕ್ವೆನ್ಸಿ. ಇಲ್ಲಿ ವೋಲ್ಟೇಜಿಗೆ ವರ್ಗ ಇದೆ, ಫ್ರೀಕ್ವೆನ್ಸಿಗೆ ಇಲ್ಲ. ಫ್ರೀಕ್ವೆನ್ಸಿ ಒಂದನ್ನೇ ಅರ್ಧ ಮಾಡಿದ್ರೆ ಪವರ್ ಅರ್ಧ ಆಗತ್ತೆ, ಸರಿ, ಆದ್ರೆ ಕೆಲಸ ಮುಗಿಸೋಕೆ ಎರಡರಷ್ಟು ಹೊತ್ತು ಬೇಕು. ಲೆಕ್ಕ ಅಲ್ಲಿಗಲ್ಲಿಗೆ ಸರಿಹೋಯ್ತು, ಉಳಿತಾಯ ಸೊನ್ನೆ. ಫ್ರೀಕ್ವೆನ್ಸಿ ಅರ್ಧ ಮಾಡಿ ಜೊತೆಗೆ ವೋಲ್ಟೇಜನ್ನು 1 ರಿಂದ 0.8ಕ್ಕೆ ಇಳಿಸಿದರೆ? 0.64 ಗುಣಿಸು 0.5, ಅಂದ್ರೆ 0.32. ಈಗ ನಿಜವಾಗಿ ಲಾಭ. ಹಾಗಾಗಿ ಫ್ರೀಕ್ವೆನ್ಸಿ ಸ್ಕೇಲಿಂಗ್‌ನ ಜೀವ ಇರೋದು ವೋಲ್ಟೇಜಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗತ್ತೆ.

ಈಗ ಮುಖ್ಯ ಪ್ರಶ್ನೆ. ಫ್ರೀಕ್ವೆನ್ಸಿ ಏರಿಸೋದು ಇಳಿಸೋದು ಯಾರು? ಪಿಎಫ್‌ಸೆನ್ಸಿನಲ್ಲಿ ಸಿಸ್ಟಮ್, ಅಡ್ವಾನ್ಸ್ಡ್, ಮಿಸಲೇನಿಯಸ್ ಅಂತ ಹೋದರೆ ಪವರ್‌ಡಿ ಅನ್ನೋ ಟಿಕ್ ಬಾಕ್ಸ್ ಸಿಗತ್ತೆ. ಹೆಚ್ಚಿನವರು ಅದನ್ನು ಟಿಕ್ ಮಾಡಿ, ಹಯಡಾಪ್ಟಿವ್, ಅಡಾಪ್ಟಿವ್, ಮಿನಿಮಮ್, ಮ್ಯಾಕ್ಸಿಮಮ್ ಈ ನಾಲ್ಕರಲ್ಲಿ ಒಂದನ್ನು ಆರಿಸಿ, ಕೆಲಸ ಆಯ್ತು ಅಂದ್ಕೊಳ್ತಾರೆ. ಆದ್ರೆ ಪವರ್‌ಡಿ ಬರೀ ಗಾಡಿ ಹೊಡೆಯೋನು. ಲಗಾಮು ಅವನ ಕೈಲೇ ಇದೆ ಅಂತ ಗ್ಯಾರಂಟಿ ಇಲ್ಲ. ಬಯೋಸ್ ಹಿಡ್ಕೊಂಡಿರಬಹುದು, ಪ್ರೊಸೆಸರ್ ತಾನೇ ಹಿಡ್ಕೊಂಡಿರಬಹುದು, ವರ್ಚುವಲ್ ಮಷಿನ್ ಆಗಿದ್ರೆ ಕೆಳಗಿನ ಹೋಸ್ಟ್ ಹಿಡ್ಕೊಂಡಿರತ್ತೆ. ಲಗಾಮು ಯಾರ ಕೈಲಿದೆ ಅಂತ ತಿಳಿಯದೆ ಸೆಟ್ಟಿಂಗ್ ಬದಲಾಯಿಸೋದು, ಎಳೆಯೋ ಎತ್ತೇ ಇಲ್ಲದ ಗಾಡಿ ಮೇಲೆ ಕೂತು "ಹೋಯ್ ಹೋಯ್" ಅಂದ ಹಾಗೆ.

ಪಿಎಫ್‌ಸೆನ್ಸ್, ಒಪಿಎನ್‌ಸೆನ್ಸ್ ಎರಡರ ಕೆಳಗೂ ಇರೋದು ಫ್ರೀಬಿಎಸ್‌ಡಿ. ಅದು ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಡತ್ತೆ. ಶೆಲ್ ತೆಗೆದು ಹೀಗೆ ಕೇಳಿ: ಸಿಸ್‌ಸಿಟಿಎಲ್ ಡೆವ್.ಸಿಪಿಯುಫ್ರೀಕ್.0.ಫ್ರೀಕ್_ಡ್ರೈವರ್. ಉತ್ತರ 'ಇಎಸ್‌ಟಿ0' ಅಂತ ಬಂದ್ರೆ ಇಂಟೆಲ್‌ನ ಹಳೇ ಸ್ಪೀಡ್‌ಸ್ಟೆಪ್, ಪವರ್‌ಡಿ ಕೆಲಸ ಮಾಡತ್ತೆ. 'ಎಚ್‌ಡಬ್ಲ್ಯುಪಿಸ್ಟೇಟ್0' ಅಂದ್ರೆ ಎಎಂಡಿ, ಅಲ್ಲೂ ಮಾಡತ್ತೆ. 'ಎಚ್‌ಡಬ್ಲ್ಯುಪಿಸ್ಟೇಟ್_ಇಂಟೆಲ್0' ಅಂತ ಬಂದ್ರೆ ಪ್ರೊಸೆಸರೇ ಲಗಾಮು ಹಿಡಿದಿದೆ. ಅಂಥ ಹೆಸರೇ ಸಿಸ್ಟಮ್ಮಿನಲ್ಲಿ ಇಲ್ಲ ಅಂದ್ರೆ ಯಾರೂ ಹಿಡಿದಿಲ್ಲ, ಅಥವಾ ಹಿಡಿದವರು ನಿಮಗೆ ಕಾಣಲ್ಲ. ಒಂದೇ ಸಾಲಿನ ಕಮಾಂಡು, ಅರ್ಧ ಟ್ರಬಲ್‌ಶೂಟಿಂಗ್ ಇಲ್ಲೇ ಮುಗಿಯತ್ತೆ. ಆದ್ರೂ ಹೆಚ್ಚಿನವರು ಇದನ್ನು ಕೊನೇಗೆ ನೋಡ್ತಾರೆ, ಯಾಕೋ.

ಹೊನ್ನಾವರದ ಅಂಗಡಿಯಿಂದ ಶುರು ಮಾಡ್ತೀನಿ. ಮಾವನ ಅಂಗಡಿ ಅಂದ್ರೆ ಝೆರಾಕ್ಸ್ ಜೊತೆಗೆ ಆನ್‌ಲೈನ್ ಅರ್ಜಿ ತುಂಬೋದು. ಸಿಇಟಿ ಆಪ್ಷನ್ ಎಂಟ್ರಿ ಸಮಯದಲ್ಲಿ ಸುತ್ತಲ ಹಳ್ಳಿಯ ಹುಡುಗ್ರು, ಅಪ್ಪ ಅಮ್ಮನ ಜೊತೆ ಬಂದು ಬೆಂಚಲ್ಲಿ ಕೂತಿರ್ತಾರೆ. ಆಪ್ಷನ್ ಎಂಟ್ರಿ ಬರೋದೇ ಮಳೆಗಾಲದಲ್ಲಿ. ಕೊನೇ ದಿನ ಕರೆಂಟು ಹೋಗಿ ನೆಟ್ಟೂ ಹೋದರೆ ಹೋಗೋದು ಬರೀ ನೆಟ್ಟಲ್ಲ, ಒಬ್ಬರ ಸೀಟು. ಹಾಗಾಗಿ ಮಾವನಿಗೆ ಬ್ಯಾಟರಿಯ ಒಂದೊಂದು ನಿಮಿಷವೂ ಲೆಕ್ಕ. ಪೆಟ್ಟಿಗೆ ಇಂಟೆಲ್ ಎನ್100 ಪ್ರೊಸೆಸರಿನದು. ಪವರ್‌ಡಿಯನ್ನು ಮಿನಿಮಮ್ ಮಾಡಿದರೂ ಡ್ಯಾಶ್‌ಬೋರ್ಡಿನಲ್ಲಿ ಫ್ರೀಕ್ವೆನ್ಸಿ ಕುಣೀತಾನೇ ಇತ್ತು. "ಎಂತ ಮಾಡಿದ್ರೂ ಬದಲಾಗ್ತಿಲ್ಲ ಮಾರಾಯಾ, ಈ ಪವರ್‌ಡಿ ಹಾಳಾಗಿದ್ಯಾ ನೋಡು" ಅಂತ ಫೋನು.

ಹಾಳಾಗಿರಲಿಲ್ಲ. 2015ರಲ್ಲಿ ಬಂದ ಸ್ಕೈಲೇಕ್ ಪೀಳಿಗೆಯಿಂದ ಇಂಟೆಲ್ ಸ್ಪೀಡ್ ಶಿಫ್ಟ್ ಅನ್ನೋದನ್ನು ತಂದಿತು. ಮೊದಲು ಆಪರೇಟಿಂಗ್ ಸಿಸ್ಟಮ್ "ಈಗ ಇಷ್ಟು ಮೆಗಾಹರ್ಟ್ಸಲ್ಲಿ ಓಡು" ಅಂತ ಹೇಳಬೇಕಿತ್ತು. ಸ್ಪೀಡ್ ಶಿಫ್ಟಿನಲ್ಲಿ ಪ್ರೊಸೆಸರ್ ತಾನೇ ನಿರ್ಧಾರ ತಗೊಳ್ಳತ್ತೆ. ಪವರ್‌ಡಿ ಮಾಮೂಲಾಗಿ 250 ಮಿಲಿಸೆಕೆಂಡಿಗೊಮ್ಮೆ ಲೋಡ್ ನೋಡಿ ಆಮೇಲೆ ಯೋಚನೆ ಮಾಡತ್ತೆ. ಪ್ರೊಸೆಸರ್ ಅದಕ್ಕಿಂತ ತುಂಬಾ ಬೇಗ ಸ್ಪಂದಿಸತ್ತೆ. ನೆಟ್‌ವರ್ಕ್ ಪ್ಯಾಕೆಟ್ಟುಗಳು ಬರೋದು ಗುಂಪು ಗುಂಪಾಗಿ, ಹೇಳಿ ಕೇಳಿ ಬರಲ್ಲ. ಆದ್ದರಿಂದ ರೂಟರಿಗೆ ಈ ವ್ಯವಸ್ಥೆ ಒಳ್ಳೇದೇ. ಇಲ್ಲಿ ನಾವು ಮಾಡಬಹುದಾದ್ದು ಒಂದೇ, ನಮ್ಮ ಇಷ್ಟ ಏನು ಅಂತ ಹೇಳೋದು. ಅದಕ್ಕೆ ಇಪಿಪಿ ಅಂತ ಒಂದು ಸಂಖ್ಯೆ: ಡೆವ್.ಎಚ್‌ಡಬ್ಲ್ಯುಪಿಸ್ಟೇಟ್_ಇಂಟೆಲ್.0.ಇಪಿಪಿ. ಸೊನ್ನೆ ಅಂದ್ರೆ ವೇಗವೇ ಮುಖ್ಯ, 100 ಅಂದ್ರೆ ಉಳಿತಾಯವೇ ಮುಖ್ಯ, ಮಾಮೂಲಿ 50. ಇದು ಪ್ರತಿ ಕೋರಿಗೂ ಒಂದೊಂದು ಇರತ್ತೆ. ಪಿಎಫ್‌ಸೆನ್ಸಿನ ಹೊಸ ಆವೃತ್ತಿಗಳಲ್ಲಿ ಅದೇ ಮಿಸಲೇನಿಯಸ್ ಪುಟದಲ್ಲಿ ಸ್ಪೀಡ್ ಶಿಫ್ಟ್ ಅಂತ ಬೇರೆ ವಿಭಾಗವೇ ಇದೆ. ಅಲ್ಲಿ ಪವರ್‌ಡಿ ಟಿಕ್ ತೆಗೆದು, ಸ್ಲೈಡರನ್ನು ಉಳಿತಾಯದ ಕಡೆ ಸರಿಸಿದ್ರೆ ಸಾಕು. ಮಾವನಿಗೆ 80ಕ್ಕೆ ಇಡೋಕೆ ಹೇಳಿದೆ. ಅರ್ಜಿ ತುಂಬೋ ಅಂಗಡಿಗೆ ಗಿಗಾಬಿಟ್ ಬೇಡ.

ಕುಣಿಯೋ ಸಂಖ್ಯೆ ಬಗ್ಗೆ ಇನ್ನೊಂದು ಮಾತು. ಡ್ಯಾಶ್‌ಬೋರ್ಡ್ ತೆಗೆದು ಫ್ರೀಕ್ವೆನ್ಸಿ ನೋಡೋದೇ ತಪ್ಪು ವಿಧಾನ. ಆ ಪುಟವನ್ನು ತಯಾರಿಸೋದೂ ಅದೇ ಪ್ರೊಸೆಸರ್. ನೀವು ನೋಡೋಕೆ ಹೋದ ಕ್ಷಣ ಅದಕ್ಕೆ ಕೆಲಸ ಬಂತು, ಫ್ರೀಕ್ವೆನ್ಸಿ ಏರ್ತು, "ಅಯ್ಯೋ ಖಾಲಿ ಇದ್ರೂ ಫುಲ್ ಸ್ಪೀಡಲ್ಲಿ ಓಡ್ತಿದೆ" ಅಂತ ನಿಮಗೆ ಗಾಬರಿ. ಎಸ್‌ಎಸ್‌ಎಚ್ ಮೂಲಕ ಹೋಗಿ, ಬ್ರೌಸರ್ ಮುಚ್ಚಿ, ಸಿಸ್‌ಸಿಟಿಎಲ್ ಡೆವ್.ಸಿಪಿಯು.0.ಫ್ರೀಕ್ ಅಂತ ಹತ್ತು ಸಲ ಕೇಳಿ. ಆಗ ಸಿಗೋದು ಸತ್ಯಕ್ಕೆ ಹತ್ತಿರ.

ಹತ್ತಿರ ಅಂದೆ, ಪೂರ್ತಿ ಸತ್ಯ ಅನ್ನಲಿಲ್ಲ. ಟರ್ಬೋ ಇರೋ ಹಳೇ ಇಂಟೆಲ್‌ಗಳಲ್ಲಿ 2400 ಮೆಗಾಹರ್ಟ್ಸ್ ಪ್ರೊಸೆಸರ್ 2401 ಅಂತ ತೋರಿಸತ್ತೆ. ಆ ಒಂದು ಮೆಗಾಹರ್ಟ್ಸ್ ಬರೀ ಸಂಕೇತ, ಅರ್ಥ "ಟರ್ಬೋಗೆ ಅನುಮತಿ ಇದೆ" ಅಂತ. ನಿಜವಾದ ವೇಗ ಅದಕ್ಕಿಂತ ಎಷ್ಟೋ ಮೇಲಿರಬಹುದು. ಪಿಸಿ ಎಂಜಿನ್ಸ್ ಅನ್ನೋ ಸ್ವಿಸ್ ಕಂಪನಿಯ ಎಪಿಯು2 ಬೋರ್ಡುಗಳಲ್ಲೂ ಹೀಗೇ. 1 ಗಿಗಾಹರ್ಟ್ಸಿನ ಎಎಂಡಿ ಪ್ರೊಸೆಸರ್, ಹೊಸ ಫರ್ಮ್‌ವೇರ್ ಹಾಕಿದರೆ 1.4ಕ್ಕೆ ಬೂಸ್ಟ್ ಆಗತ್ತೆ, ಫ್ರೀಬಿಎಸ್‌ಡಿ ಮಾತ್ರ 1000 ಅಂತಲೇ ಹೇಳ್ತಿರತ್ತೆ. ಸಂಖ್ಯೆ ನೋಡಿ ಬೂಸ್ಟ್ ಇಲ್ಲ ಅಂತ ತೀರ್ಮಾನ ಮಾಡಬಾರದು. ಐಪರ್ಫ್3 ಓಡಿಸಿ ವೇಗ ಅಳೆಯಬೇಕು. ಅದನ್ನು ರೂಟರ್ ಒಳಗೆ ಓಡಿಸಬೇಡಿ, ರೂಟರಿನ ಆ ಕಡೆ ಒಂದು ಕಂಪ್ಯೂಟರ್, ಈ ಕಡೆ ಒಂದು ಇಟ್ಟು ಓಡಿಸಿ.

ಭಟ್ಕಳದ ಪೆಟ್ಟಿಗೆಯ ಕಥೆ ತಲೆ ಕೆಡಿಸೋ ಥರದ್ದು. ಭಟ್ಕಳದ ಎಷ್ಟೋ ಮನೆಗಳ ಹಾಗೆ ಅಲ್ಲೂ ಗಂಡಸರು ಗಲ್ಫಿನಲ್ಲಿ. ಹುಡುಗ ಇಲ್ಲಿ ಹಾಸ್ಟೆಲಲ್ಲಿ, ಮನೆಯಲ್ಲಿ ಅಮ್ಮ ಒಬ್ಬರೇ. ಗೇಟಿಗೆ, ಹಿತ್ತಿಲಿಗೆ ಕ್ಯಾಮೆರಾ ಹಾಕಿ, ಓಪನ್‌ವಿಪಿಎನ್ ಮೂಲಕ ಅಣ್ಣ ಅಲ್ಲಿಂದ, ಇವನು ಇಲ್ಲಿಂದ ನೋಡ್ತಾರೆ. ಹಿಂದೆ ಚೆನ್ನಾಗಿ ಬರ್ತಿದ್ದ ಕ್ಯಾಮೆರಾ ಚಿತ್ರ ಒಂದು ಬೇಸಿಗೆಯಿಂದ ತುಂಡು ತುಂಡಾಗೋಕೆ ಶುರುವಾಯ್ತು. ಎಲ್ಲರೂ ನೆಟ್ ಕೊಡೋರನ್ನು ಬೈದಿದ್ದೇ ಬೈದಿದ್ದು. ಡ್ಯಾಶ್‌ಬೋರ್ಡಿನಲ್ಲಿ ಸಿಪಿಯು ಬಳಕೆ ಬರೀ ಶೇಕಡಾ 25ರ ಆಸುಪಾಸು ಇತ್ತು, ಹಾಗಾಗಿ ಪೆಟ್ಟಿಗೆ ಮೇಲೆ ಯಾರಿಗೂ ಸಂಶಯ ಬರಲಿಲ್ಲ.

ಆ 25 ದೊಡ್ಡ ಸುಳ್ಳುಗಾರ. ಪ್ರೊಸೆಸರ್ ಸೆಲೆರಾನ್ ಜೆ1900, ನಾಲ್ಕು ಕೋರ್. ಓಪನ್‌ವಿಪಿಎನ್ ಪ್ರೋಗ್ರಾಂ ಒಂದು ಸಂಪರ್ಕವನ್ನು ಒಂದೇ ಕೋರಿನಲ್ಲಿ ಓಡಿಸತ್ತೆ. ಜೆ1900ರಲ್ಲಿ ಎಇಎಸ್ ಗೂಢಲಿಪಿಗೆ ಬೇಕಾದ ವಿಶೇಷ ಸೂಚನೆಗಳೂ ಇಲ್ಲ, ಎಲ್ಲ ಲೆಕ್ಕ ಸಾಮಾನ್ಯ ದಾರಿಯಲ್ಲೇ ಆಗಬೇಕು. ಒಂದು ಕೋರ್ ಉಸಿರುಗಟ್ಟಿ ನೂರಕ್ಕೆ ನೂರು ದುಡೀತಿದೆ, ಉಳಿದ ಮೂರು ಸುಮ್ನೆ ಕೂತಿವೆ, ಸರಾಸರಿ 25. ಟಾಪ್ ಕಮಾಂಡಿಗೆ ದೊಡ್ಡ ಪಿ ಅಕ್ಷರದ ಆಯ್ಕೆ ಕೊಟ್ಟು ನೋಡಿದ್ರೆ ಕೋರ್ ಕೋರಿನ ಲೆಕ್ಕ ಬೇರೆ ಬೇರೆ ಸಿಗತ್ತೆ. ಫೈಬರ್ ಸಂಪರ್ಕ ಪಿಪಿಪಿಒಇ ಆಗಿದ್ದರೂ ಇದೇ ತಾಪತ್ರಯ, ಬಿಎಸ್‌ಎನ್‌ಎಲ್ ಫೈಬರ್ ಹಾಗೇ ಇರೋದು. ನೆಟ್‌ವರ್ಕ್ ಕಾರ್ಡಿಗೆ ಪಿಪಿಪಿಒಇ ಪ್ಯಾಕೆಟ್ ಒಳಗಿನ ವಿಳಾಸ ಓದಿ ಕೋರುಗಳಿಗೆ ಹಂಚೋಕೆ ಬರಲ್ಲ, ಒಳಬರೋದೆಲ್ಲ ಒಂದೇ ಕೋರಿನ ತಲೆಗೆ ಕಟ್ಟತ್ತೆ. ಇಂಥ ಕಡೆ ನಾಲ್ಕು ಕೋರ್ ಇದ್ದು ಪ್ರಯೋಜನ ಇಲ್ಲ, ಆ ಒಂದು ಕೋರಿನ ಫ್ರೀಕ್ವೆನ್ಸಿಯೇ ಎಲ್ಲ.

ಆ ಫ್ರೀಕ್ವೆನ್ಸಿ ನೋಡಿದ್ರೆ 1333ರಲ್ಲಿ ಅಂಟಿಕೊಂಡಿತ್ತು. ಜೆ1900ರ ತಳಮಟ್ಟ ಅದು. ಮಾಮೂಲಿ 2 ಗಿಗಾಹರ್ಟ್ಸ್, ಬರ್ಸ್ಟ್ 2.42. ಡ್ರೈವರ್ ಇಎಸ್‌ಟಿ, ಅಂದ್ರೆ ಲಗಾಮು ಪವರ್‌ಡಿ ಕೈಲೇ. ಪವರ್‌ಡಿ ಸೆಟ್ಟಿಂಗಿನಲ್ಲಿ ಎಸಿ ಪವರ್ ಎದುರಿಗೆ ಹಯಡಾಪ್ಟಿವ್ ಅಂತ ಚಂದಾಗೇ ಇದೆ. ಹಾಗಿದ್ರೆ?

ಆ ಪುಟದಲ್ಲಿ ಮೂರು ಸಾಲುಗಳಿವೆ: ಎಸಿ, ಬ್ಯಾಟರಿ, ಅನ್‌ನೋನ್. ಲ್ಯಾಪ್‌ಟಾಪ್ ಆಗಿದ್ರೆ ಚಾರ್ಜರ್ ಚುಚ್ಚಿದ್ಯಾ ಇಲ್ವಾ ಅಂತ ಸಿಸ್ಟಮ್ಮಿಗೆ ಗೊತ್ತಾಗತ್ತೆ. ಇಂಥ ಪೆಟ್ಟಿಗೆಗಳಲ್ಲಿ ಅದನ್ನು ಹೇಳೋ ವ್ಯವಸ್ಥೆಯೇ ಸಾಮಾನ್ಯವಾಗಿ ಇರಲ್ಲ. ಪವರ್‌ಡಿ "ಎಸಿ ಇದ್ಯಾ ಇಲ್ವಾ ತಿಳೀಲಿಲ್ಲ" ಅಂತ ಗೊಣಗಿ ಮೂರನೇ ಸಾಲನ್ನು ಪಾಲಿಸತ್ತೆ. ಬೇಸಿಗೆಯಲ್ಲಿ ಬಿಸಿ ಜಾಸ್ತಿ ಅಂತ ರಿಪೇರಿಗೆ ಬಂದ ಯಾರೋ ಅನ್‌ನೋನ್ ಸಾಲನ್ನು ಮಿನಿಮಮ್ ಮಾಡಿ ಹೋಗಿದ್ದರು. ಅದನ್ನೂ ಹಯಡಾಪ್ಟಿವ್ ಮಾಡಿದ ತಕ್ಷಣ ಕ್ಯಾಮೆರಾ ಸರಿಯಾಯ್ತು. ಹಯಡಾಪ್ಟಿವ್ ಅಂದ್ರೆ ಬೇಗ ಏರಿಸು, ನಿಧಾನ ಇಳಿಸು. ರೂಟರಿಗೆ ಹೇಳಿ ಮಾಡಿಸಿದ್ದು. ನನ್ನ ಕೇಳಿದ್ರೆ, ಲಗಾಮು ಪವರ್‌ಡಿ ಕೈಲಿರೋ ಕಡೆಗಳಲ್ಲೆಲ್ಲ ಮೂರೂ ಸಾಲಿಗೆ ಇದನ್ನೇ ಹಾಕಿಬಿಡಿ.

ಇಲ್ಲೊಂದು ಪಾಠವೂ ಸಿಕ್ತು. ಕರೆಂಟು ಹೋಗಿ ಯುಪಿಎಸ್ ಮೇಲೆ ಬಂದಾಗ ಪೆಟ್ಟಿಗೆ ತಾನಾಗಿ ಬ್ಯಾಟರಿ ಸಾಲಿಗೆ ಹೋಗತ್ತೆ ಅಂತ ಹಲವರು ನಂಬಿದ್ದಾರೆ. ಹೋಗಲ್ಲ. ಯುಪಿಎಸ್ ಕೊಡೋದೂ ಅದೇ ಕರೆಂಟು, ಪೆಟ್ಟಿಗೆಗೆ ವ್ಯತ್ಯಾಸ ಕಾಣಲ್ಲ. ಯುಪಿಎಸ್‌ನಿಂದ ಯುಎಸ್‌ಬಿ ಕೇಬಲ್ ಬಂದು, ಎನ್‌ಯುಟಿ ಅಥವಾ ಎಪಿಸಿಯುಪಿಎಸ್‌ಡಿ ಥರದ ಪ್ಯಾಕೇಜ್ ಹಾಕಿದ್ರೆ ಮಾತ್ರ ಸುದ್ದಿ ತಲುಪತ್ತೆ.

ಇಎಸ್‌ಟಿ ಡ್ರೈವರಿನದ್ದೇ ಇನ್ನೊಂದು ಕಾಯಿಲೆ ಹೇಳಿಬಿಡ್ತೀನಿ, ಅಗ್ಗದ ಬೋರ್ಡುಗಳಲ್ಲಿ ಕಾಣತ್ತೆ. ಬೂಟ್ ಆಗುವಾಗ "ಇಎಸ್‌ಟಿ0 ಅಟ್ಯಾಚ್ ರಿಟರ್ನ್ಡ್ 6" ಅನ್ನೋ ಸಾಲು ಬಂದ್ರೆ, ಡ್ರೈವರ್ ಪ್ರೊಸೆಸರನ್ನು ಹಿಡಿಯೋಕೆ ಹೋಗಿ ಸೋತಿದೆ ಅಂತ ಅರ್ಥ. ಯಾವ ಫ್ರೀಕ್ವೆನ್ಸಿಗೆ ಏನು ಅನ್ನೋ ಪಟ್ಟಿಯನ್ನು ಬಯೋಸ್ ಕೊಡಬೇಕು. ಬಯೋಸಿನಲ್ಲಿ ಸ್ಪೀಡ್‌ಸ್ಟೆಪ್ ಆಫ್ ಇದ್ದರೆ ಪಟ್ಟಿ ಸಿಗಲ್ಲ. ಆಗ ಪವರ್‌ಡಿ "ನೋ ಸಿಪಿಯುಫ್ರೀಕ್ ಸಪೋರ್ಟ್" ಅಂತ ಹೇಳಿ ನಿಂತುಬಿಡತ್ತೆ. ಪೆಟ್ಟಿಗೆ ಬಯೋಸ್ ಬಿಟ್ಟ ವೇಗದಲ್ಲೇ ಜೀವನಪೂರ್ತಿ ಓಡತ್ತೆ. ಮದ್ದು ಬಯೋಸಲ್ಲೇ ಇದೆ, ಸ್ಪೀಡ್‌ಸ್ಟೆಪ್ ಅಥವಾ ಇಐಎಸ್‌ಟಿ ಅಂತ ಹುಡುಕಿ ಆನ್ ಮಾಡಿ.

ಕೆಲವು ಹಳೇ ವ್ಯವಸ್ಥೆಗಳಲ್ಲಿ ಇದಕ್ಕಿಂತ ಕೆಟ್ಟದ್ದಾಗತ್ತೆ. ಇಎಸ್‌ಟಿ ಸೋತಾಗ ಪಿ4ಟಿಸಿಸಿ ಅಥವಾ ಎಸಿಪಿಐ ಥ್ರಾಟಲ್ ಅನ್ನೋ ಡ್ರೈವರುಗಳು ಬಂದು ಕೂರ್ತಾವೆ. ಡೆವ್.ಸಿಪಿಯು.0.ಫ್ರೀಕ್_ಲೆವೆಲ್ಸ್ ಕೇಳಿದ್ರೆ 2000, 1750, 1500, 1250 ಅಂತ ಎಂಟನೇ ಒಂದರಷ್ಟು ಲೆಕ್ಕದಲ್ಲಿ ಇಳಿಯೋ ಚಂದದ ಏಣಿ ಕಾಣತ್ತೆ. ಆಹಾ ಎಷ್ಟು ಮಟ್ಟ ಅಂತ ಖುಷಿ ಪಡಬೇಡಿ. ಇವು ವೋಲ್ಟೇಜ್ ಇಳಿಸೋದೇ ಇಲ್ಲ. ಎಂಟು ಸಲ ಹುಟ್ಟು ಹಾಕೋ ದೋಣಿಯವನು ಒಂದೆರಡು ಸಲ ಕೈ ಎತ್ತಿ ಸುಮ್ನೆ ಕೂತ ಹಾಗೆ, ಕ್ಲಾಕಿನ ಏಟುಗಳನ್ನು ಬಿಟ್ಟುಬಿಡತ್ತೆ ಅಷ್ಟೇ. ಮೇಲಿನ ಫಾರ್ಮುಲಾ ನೆನಪಿದ್ಯಲ್ಲ? ವೋಲ್ಟೇಜ್ ಇಳಿಯದಿದ್ರೆ ದೋಣಿ ನಿಧಾನ ಆಗತ್ತೆ, ಬೆವರು ಉಳಿಯಲ್ಲ. ಬಿಸಿ ಮಿತಿ ಮೀರಿದಾಗ ತುರ್ತಿಗೆ ಇಟ್ಟ ವ್ಯವಸ್ಥೆ ಅದು. ಈಗಿನ ಫ್ರೀಬಿಎಸ್‌ಡಿ ಇವೆರಡನ್ನೂ ಮೊದಲೇ ಆಫ್ ಮಾಡಿ ಇಟ್ಟಿರತ್ತೆ, ಹಾಗೇ ಇರಲಿ.

ಕುಮಟಾದ್ದು ಚಿಕ್ಕ ಕಥೆ. ಅಣ್ಣನಿಗೆ ಒಂದೇ ಪೆಟ್ಟಿಗೆಯಲ್ಲಿ ಎಲ್ಲ ಬೇಕು. ಪ್ರಾಕ್ಸ್‌ಮಾಕ್ಸ್ ಹಾಕಿ, ಅದರ ಮೇಲೆ ಒಂದು ವರ್ಚುವಲ್ ಮಷಿನ್‌ನಲ್ಲಿ ಒಪಿಎನ್‌ಸೆನ್ಸ್, ಇನ್ನೊಂದರಲ್ಲಿ ಮದುವೆ ಫೋಟೋಗಳ ಸ್ಟೋರೇಜ್. ಒಪಿಎನ್‌ಸೆನ್ಸ್ ಒಳಗೆ ಪವರ್‌ಡಿ ಟಿಕ್ ಮಾಡಿದರೆ ಏನೂ ಆಗಲ್ಲ. ಆಗೋಕೆ ಸಾಧ್ಯವೂ ಇಲ್ಲ, ಒಳಗಿನ ಸಿಸ್ಟಮ್ಮಿಗೆ ನಿಜವಾದ ಪ್ರೊಸೆಸರಿನ ಲಗಾಮು ಸಿಗೋದೇ ಇಲ್ಲ. ಹೊರಗಿನ ಪ್ರಾಕ್ಸ್‌ಮಾಕ್ಸ್ ಲಿನಕ್ಸ್, ಅಲ್ಲಿ ಸ್ಕೇಲಿಂಗ್_ಗವರ್ನರ್ ಅನ್ನೋ ಫೈಲಿನಲ್ಲಿ 'ಪರ್ಫಾರ್ಮೆನ್ಸ್' ಅಂತ ಇತ್ತು. 'ಪವರ್‌ಸೇವ್' ಮಾಡು ಅಂದ್ರೆ ಅಣ್ಣ ಹೆದರಿದ, ನೆಟ್ ಸತ್ತೇ ಹೋಗತ್ತೆ ಅಂತ. ಆ ಹೆದರಿಕೆಗೆ ಅರ್ಥ ಇದೆ. ಹಳೇ ಎಸಿಪಿಐ ಸಿಪಿಯುಫ್ರೀಕ್ ಡ್ರೈವರಿನಲ್ಲಿ ಪವರ್‌ಸೇವ್ ಅಂದ್ರೆ ತಳಮಟ್ಟದಲ್ಲೇ ಅಂಟಿಕೋ ಅಂತ. ಆದ್ರೆ ಇಂಟೆಲ್ ಪಿಸ್ಟೇಟ್ ಡ್ರೈವರಿನಲ್ಲಿ ಅದೇ ಹೆಸರಿಗೆ ಬೇರೆ ಅರ್ಥ, ಲೋಡಿಗೆ ತಕ್ಕ ಹಾಗೆ ಏರು ಇಳಿ ಅಂತ. ಎರಡು ಬೇರೆ ಸಂಗತಿಗೆ ಒಂದೇ ಹೆಸರಿಟ್ಟವರಿಗೆ ಏನನ್ನೋದು! ಅಣ್ಣನ ಪೆಟ್ಟಿಗೆಯಲ್ಲಿ ಇದ್ದದ್ದು ಪಿಸ್ಟೇಟ್. ಪವರ್‌ಸೇವ್ ಹಾಕಿದ್ವಿ, ವೇಗ ಕಮ್ಮಿ ಆಗಲಿಲ್ಲ, ಪೆಟ್ಟಿಗೆ ಮುಟ್ಟೋ ಹಾಗಾಯ್ತು.

ಇಷ್ಟೆಲ್ಲ ಫ್ರೀಕ್ವೆನ್ಸಿ ಬಗ್ಗೆ ಆಯ್ತು. ಆದ್ರೆ ಮನೆ, ಅಂಗಡಿಯ ರೂಟರ್ ದಿನದ ಹೆಚ್ಚಿನ ಹೊತ್ತು ಖಾಲಿ ಕೂತಿರತ್ತೆ. ಖಾಲಿ ಕೂತಾಗಿನ ಉಳಿತಾಯ ಬರೋದು ಹೆಚ್ಚಾಗಿ ನಿದ್ದೆಯಿಂದ. ಸಿ-ಸ್ಟೇಟ್ ಅಂತಾರೆ. ಸಿ1 ಅಂದ್ರೆ ಕಣ್ಣು ಮುಚ್ಚಿ ಕೂತಿರೋದು, ಸಂಖ್ಯೆ ಹೆಚ್ಚಾದ ಹಾಗೆ ನಿದ್ದೆ ಆಳ, ಪ್ರೊಸೆಸರಿನ ಹೆಚ್ಚು ಹೆಚ್ಚು ಭಾಗಗಳು ಆಫ್ ಆಗ್ತಾವೆ. ಕೆಲಸವನ್ನು ಬೇಗ ಮುಗಿಸಿ ಬೇಗ ಮಲಗೋ ಪ್ರೊಸೆಸರ್, ಇಡೀ ದಿನ ನಿಧಾನ ಕೆಲಸ ಮಾಡ್ತಾ ಎದ್ದೇ ಇರೋ ಪ್ರೊಸೆಸರಿಗಿಂತ ಕಮ್ಮಿ ತಿನ್ನಬಹುದು. ಪವರ್‌ಡಿಯನ್ನು ಮಿನಿಮಮ್‌ಗೆ ಹಾಕಿ ಉಳಿಸ್ತೀನಿ ಅನ್ನೋರು ಇದನ್ನು ಗಮನಿಸಲ್ಲ.

ಸಿಸ್‌ಸಿಟಿಎಲ್ ಡೆವ್.ಸಿಪಿಯು.0.ಸಿಎಕ್ಸ್_ಸಪೋರ್ಟೆಡ್ ಅಂದ್ರೆ ಯಾವ್ಯಾವ ನಿದ್ದೆ ಸಾಧ್ಯ ಅನ್ನೋದು ಬರತ್ತೆ. ಅದರ ಪ್ರತಿ ಗುಂಪಿನ ಕೊನೇ ಸಂಖ್ಯೆ, ಆ ನಿದ್ದೆಯಿಂದ ಏಳೋಕೆ ಎಷ್ಟು ಮೈಕ್ರೋಸೆಕೆಂಡ್ ಬೇಕು ಅಂತ. ಸಿಎಕ್ಸ್_ಯೂಸೇಜ್ ಅಂತ ಕೇಳಿದ್ರೆ ನಿಜವಾಗಿ ಎಷ್ಟು ಪಾಲು ಯಾವ ನಿದ್ದೆಯಲ್ಲಿ ಕಳೆದಿದೆ ಅಂತ ಬರತ್ತೆ. ಸಿ1 ಎದುರಿಗೆ ಶೇಕಡಾ 100 ಇದ್ರೆ, ನಿಮ್ಮ ಪೆಟ್ಟಿಗೆಗೆ ಆಳವಾಗಿ ಮಲಗೋಕೆ ಅನುಮತಿಯೇ ಇಲ್ಲ. ಸಿಸ್ಟಮ್ ಟ್ಯೂನೇಬಲ್ಸ್ ಪುಟದಲ್ಲಿ ಎಚ್‌ಡಬ್ಲ್ಯು.ಎಸಿಪಿಐ.ಸಿಪಿಯು.ಸಿಎಕ್ಸ್_ಲೋವೆಸ್ಟ್ ಅಂತ ಸೇರಿಸಿ, ಬೆಲೆ ಸಿಮ್ಯಾಕ್ಸ್ ಕೊಡಿ. ಕೆಲವು ಹಳೇ ಬೋರ್ಡುಗಳಲ್ಲಿ ಆಳ ನಿದ್ದೆಯಿಂದ ನೆಟ್‌ವರ್ಕ್ ಕಾರ್ಡ್ ತೊಂದರೆ ಕೊಡೋದುಂಟು. ಹಾಗಾಗಿ ಮೊದಲು ಸಿ2, ಎರಡು ದಿನ ಬಿಟ್ಟು ಸಿಮ್ಯಾಕ್ಸ್. ಪಿಂಗ್ ಸಮಯ ಒಂದಿಷ್ಟು ಮೈಕ್ರೋಸೆಕೆಂಡ್ ಹೆಚ್ಚಾಗತ್ತೆ. ಹಾಸ್ಟೆಲಿನ ಗೇಮರುಗಳು ಬಿಟ್ರೆ ಯಾರೂ ಕೇಳಲ್ಲ, ಅವರಿಗೂ ಗೊತ್ತಾಗಲ್ಲ.

ಬಿಸಿಯ ವಿಷಯ. ಫ್ಯಾನ್ ಇಲ್ಲದ ಪೆಟ್ಟಿಗೆಗೆ ಅದರ ಮೈಯೇ ಹೀಟ್‌ಸಿಂಕ್. ನಮ್ಮ ಕಡೆ ಧೂಳು, ಹಲ್ಲಿ, ಉಪ್ಪಿನ ಗಾಳಿ ಅಂತ ಅದನ್ನು ಮರದ ಕಪಾಟಿನೊಳಗೆ ಇಟ್ಟು ಬಾಗಿಲು ಹಾಕ್ತಾರೆ. ಮೇಲೆ ವೈಫೈ ರೂಟರ್, ಅದರ ಮೇಲೆ ಡೈರಿ. ಪ್ರೊಸೆಸರ್ ತನ್ನ ಮಿತಿ ತಲುಪಿದರೆ ಯಾರನ್ನೂ ಕೇಳದೆ ತಾನೇ ವೇಗ ಇಳಿಸತ್ತೆ. ಅದರ ಗುರುತು ಸುಲಭ: ಡೌನ್‌ಲೋಡ್ ಶುರುವಲ್ಲಿ ಜೋರು, ಹತ್ತು ನಿಮಿಷದಲ್ಲಿ ಸುಸ್ತು. ಡೆವ್.ಸಿಪಿಯು.0.ಟೆಂಪರೇಚರ್ ನೋಡಿ. ಏನೂ ಬರದಿದ್ರೆ ಮಿಸಲೇನಿಯಸ್ ಪುಟದಲ್ಲೇ ಥರ್ಮಲ್ ಸೆನ್ಸರ್ ಅಂತ ಇದೆ, ಇಂಟೆಲ್ ಅಥವಾ ಎಎಂಡಿ ಆರಿಸಿ. ಕಪಾಟಿನ ಬಾಗಿಲು ತೆಗೆದಿಟ್ಟು ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಸೆಟ್ಟಿಂಗ್ ಯಾವುದನ್ನೂ ಮುಟ್ಟೋಕೆ ಮುಂಚೆ ಇದನ್ನು ಮಾಡಿ, ಖರ್ಚಿಲ್ಲ.

ಕೊನೆಗೆ ಇದರಿಂದ ಸಿಗೋದೆಷ್ಟು? ಲೆಕ್ಕ ಹಾಕೋಣ. ಪೆಟ್ಟಿಗೆ 15 ವ್ಯಾಟ್ ಬದಲು 9 ತಿನ್ನತ್ತೆ ಅಂತ ಇಟ್ಕೊಳ್ಳಿ. 6 ವ್ಯಾಟ್, ದಿನಕ್ಕೆ 24 ಗಂಟೆ, ವರ್ಷಕ್ಕೆ ಸುಮಾರು 53 ಯೂನಿಟ್. ಬಿಲ್ಲಿನಲ್ಲಿ ದೊಡ್ಡ ವಿಷಯ ಅಲ್ಲ. ಈಗ ಬ್ಯಾಟರಿ ನೋಡಿ. ಸಣ್ಣ ಯುಪಿಎಸ್‌ನ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 84 ವ್ಯಾಟ್ ಅವರ್. ನಷ್ಟ ಎಲ್ಲ ಕಳೆದು 50 ಸಿಕ್ಕಿತು ಅನ್ನೋಣ. ಫೈಬರ್ ಮೋಡೆಮ್ ಮತ್ತು ವೈಫೈಗೆ 10 ವ್ಯಾಟ್. ಒಟ್ಟು 25 ಇದ್ದರೆ ಎರಡು ಗಂಟೆ. ಒಟ್ಟು 19 ಇದ್ದರೆ ಎರಡು ಗಂಟೆ 38 ನಿಮಿಷ. ಆ 38 ನಿಮಿಷದಲ್ಲಿ ಬೆಂಚಿನಲ್ಲಿ ಕೂತ ಇನ್ನೂ ಮೂರ್ನಾಲ್ಕು ಹುಡುಗ್ರ ಆಪ್ಷನ್ ಎಂಟ್ರಿ ಮುಗಿಯತ್ತೆ. ನಿಮ್ಮ ಪೆಟ್ಟಿಗೆಯ ನಿಜವಾದ ವ್ಯಾಟ್ ತಿಳಿಯೋಕೆ ಪ್ಲಗ್ಗಿಗೆ ಹಾಕೋ ವ್ಯಾಟ್ ಮೀಟರ್ ಸಾಕು, ನಮ್ಮ ಲ್ಯಾಬಲ್ಲೂ ಕೇಳಿ ತಗೊಂಡು ಹೋಗಬಹುದು. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಾಯಿಸಿ, ಅಳೆಯಿರಿ, ಬರೆದಿಡಿ.

ಒಂದು ಬಾಕಿ ಇದೆ. ಬ್ಯಾಟರಿ ಪೂರ್ತಿ ಮುಗಿದು, ಬೆಳಗಿನ ಜಾವ ಕರೆಂಟು ಬಂದಾಗ ಪೆಟ್ಟಿಗೆ ತಾನೇ ಏಳಬೇಕು. ಬಯೋಸಿನಲ್ಲಿ 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಅಥವಾ 'ಸ್ಟೇಟ್ ಆಫ್ಟರ್ ಜಿ3' ಅಂತ ಇರತ್ತೆ. ಅಲ್ಲಿ 'ಲಾಸ್ಟ್ ಸ್ಟೇಟ್' ಬೇಡ. ಬ್ಯಾಟರಿ ಮುಗಿಯೋ ಮುಂಚೆ ಎನ್‌ಯುಟಿ ಪೆಟ್ಟಿಗೆಯನ್ನು ಸರಿಯಾಗಿ ಶಟ್‌ಡೌನ್ ಮಾಡಿದ್ದರೆ, ಕೊನೇ ಸ್ಥಿತಿ ಅಂದ್ರೆ ಆಫ್, ಕರೆಂಟು ಬಂದರೂ ಆಫೇ ಇರತ್ತೆ. 'ಪವರ್ ಆನ್' ಅಥವಾ 'ಎಸ್0' ಹಾಕಿ. ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಒಂದು ನಿಮಿಷ ಬಿಟ್ಟು ಚುಚ್ಚಿ ಪರೀಕ್ಷೆ ಮಾಡಿ. ಭಟ್ಕಳದ ಮನೆಯಲ್ಲಿ ಪೆಟ್ಟಿಗೆ ಇರೋದು ಅಟ್ಟದ ಹತ್ತಿರ. ಅಮ್ಮ ಏಣಿ ಹತ್ತಿ ಬಟನ್ ಒತ್ತೋ ಹಾಗೆ ಆಗಬಾರದು.